ಸತ್ತದ್ದನ್ನು ಕೊಯ್ಯದವನು

ಅಮೋಗಸಿದ್ಧ ಈಗ ಸೋಲಾಪುರದ ಜೈಲಿನಲ್ಲಿದ್ದಾನೆ. ಚಿಗರಿ, ಅಂದರೆ ಮಾಳದ ಜಿಂಕೆ, ಕೊಂದನೆಂಬುದು ಗುನ್ಹೆ. ಅದು ಸುಳ್ಳಲ್ಲ, ತನ್ನ ಕೈಯಾರೆ ಕೊಂದ. ಆದರೆ ಆ ಚಿಗರಿಯ ಮೇಲೆ ಬಾಣ ಬಿಟ್ಟವನು ಬೇರೆ. ಅವನು ನನ್ನ ಸ್ವಂತ ತಮ್ಮನ ಮಗ ಯುವರಾಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುವರ್ಣಾ ಬಾಯಿ ತವರಿನ ಮರ್ಯಾದೆಗೆ ಸೆರಗು ಮುಚ್ಚಿದಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದು. ನಾನು ನಾಗಣಸೂರಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು, ಶಿಕ್ಷಕಿಗೆ ನಮ್ಮಲ್ಲಿ ಬಾಯಿ ಎನ್ನುತ್ತಾರೆ. ನನ್ನ ಬಾಯಿ ಜೋರು ಎಂಬುದು ಊರಿಗೆಲ್ಲ ಗೊತ್ತು. ಆ ಬಾಯಿ ಇದೊಂದು ವಿಷಯದಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅಮೋಗಸಿದ್ಧ ಕುರಿ ಕಾಯುವವನು. ಅವನಪ್ಪ, ಅಜ್ಜ ಎಲ್ಲರೂ ಕುರಿಯ ಹಿಂದೆಯೇ ಹೋದವರು. ಊರಾಚೆ ಮಾಳದ ಅಂಚಿಗೆ ಅವನ ಹಟ್ಟಿ. ಹೆಂಡತಿ ಗುರುಬಾಯಿ ನನಗೆ ದಿನಾ ಹಾಲು ತಂದು ಹಾಕುತ್ತಾಳೆ, ಹಾಗಾಗಿ ಆ ಮನೆಯ ಸುಖದುಃಖ ನನಗೆ ಗೊತ್ತು. ಎತ್ತರದ ಆಳು, ಮಾತು ಕಡಿಮೆ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಚರ್ಮದ ಒರೆಯೊಳಗೆ ಒಂದು ಚೂರಿ. ಬಿರೋಬನ ಗುಡಿಯಲ್ಲಿ ಹರಕೆಯ ಕುರಿ ಕೊಯ್ಯುವ ಹಕ್ಕು ಅವನದು. ಅಪ್ಪನಿಂದ ಬಂದ ಹಕ್ಕು.

ಅವನು ಕೊಯ್ಯುವುದನ್ನು ನಾನು ನೋಡಿದವಳಲ್ಲ. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಆದರೆ ಅವನ ರೀತಿ ಊರಿಗೆಲ್ಲ ಗೊತ್ತು. ಕುರಿಯನ್ನು ತಂದು ನಿಲ್ಲಿಸಿ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಬೆನ್ನ ಮೇಲೆ ನೀರು ಚಿಮುಕಿಸುತ್ತಾನೆ. ಆಮೇಲೆ ಸುಮ್ಮನೆ ನಿಲ್ಲುತ್ತಾನೆ. ಕುರಿ ತಾನಾಗಿ ಮೈ ಜಾಡಿಸಬೇಕು. ಜಾಡಿಸಿದರೆ ಒಪ್ಪಿಗೆ ಸಿಕ್ಕಿತೆಂದು ಅರ್ಥ. ಜಾಡಿಸುವ ತನಕ ಊರಗೌಡನೇ ಬಂದು ಅವಸರ ಮಾಡಿದರೂ ಅವನ ಚೂರಿ ಒರೆಯಿಂದ ಹೊರಗೆ ಬರುವುದಿಲ್ಲ. ಬಂದ ಮೇಲೆ ಒಂದೇ ಏಟು. "ಜೀವ ತಗೋತೀವಿ ಅಂದಮ್ಯಾಲ ಬ್ಯಾನಿ ಕೊಡಬಾರದ್ರಿ ಬಾಯಾರ" ಎಂದು ಒಮ್ಮೆ ನನಗೆ ಹೇಳಿದ್ದ.

ಇನ್ನೊಂದು ನೇಮ ಅವನದಿತ್ತು. ಸತ್ತದ್ದನ್ನು ಕೊಯ್ಯುವುದಿಲ್ಲ. ತಾನಾಗಿ ಸತ್ತ ಕುರಿಯ ಮೇಲೆ ಚೂರಿ ಆಡಿಸಿದ ಕೈ ಗುಡಿಯಲ್ಲಿ ನಡೆಯದು, ಅದು ಅವರ ಪಾಲಿಗೆ ದೊಡ್ಡ ಹೊಲಸು. ಒಮ್ಮೆ ಕುಂಭಾರಿಯ ದೊಡ್ಡ ಕುಳವೊಂದು ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಇವನನ್ನು ಕರೆಸಿತ್ತು. ಟೆಂಪೋದಲ್ಲಿ ತಂದ ಹೋತ ಬಿಸಿಲಿಗೆ ಬಸವಳಿದು ಇಳಿಸುವಷ್ಟರಲ್ಲಿ ಸತ್ತಿತ್ತು. ಮೈ ಇನ್ನೂ ಬಿಸಿಯಿತ್ತು. ಒಲೆ ಹೊತ್ತಿಸಿಯಾಗಿತ್ತು, ಬೀಗರು ಕೂತಿದ್ದರು. "ಕೊಯ್ದುಬಿಡೋ, ಯಾರಿಗಿ ಗೊತ್ತಾಗ್ತದ" ಎಂದರು ಮನೆಯವರು. ಇವನು ಕಂಬಳಿ ಕೊಡವಿಕೊಂಡು ಎದ್ದ. ಯಜಮಾನ ಬಾಯಿಗೆ ಬಂದಂತೆ ಬೈದ, ಅಂಗಿ ಹಿಡಿದು ಎಳೆದಾಡಿದ. ಇವನು ಅಕ್ಕಲಕೋಟದ ಬಸ್ಸು ಹತ್ತಿ ಬಂದ. ಅಂದು ಬೀಗರು ಬರೀ ಝುಣಕ ಭಾಕರಿ ತಿಂದು ಹೋದರು. ಅದನ್ನು ಹೇಳಿಕೊಂಡು ನಾವೆಲ್ಲ ಎಷ್ಟೋ ದಿನ ನಕ್ಕಿದ್ದೆವು. ಆ ನೇಮಕ್ಕೆ ಅವನು ಮುಂದೆ ಏನು ಕೊಡಬೇಕಾಗುತ್ತದೆ ಎಂದು ನಮಗೇನು ಗೊತ್ತು.

ಇನ್ನು ಯುವರಾಜನ ಮಾತು. ನನ್ನ ತಮ್ಮ ಲಕ್ಷ್ಮೀಕಾಂತನಿಗೆ ಹೊಲ, ಕಬ್ಬು, ಎರಡು ಟ್ರ್ಯಾಕ್ಟರ್ ಎಲ್ಲ ಇದೆ. ಇವನೊಬ್ಬನೇ ಮಗ. ಸೋಲಾಪುರದಲ್ಲಿ ಜಿಮ್ ನಡೆಸುತ್ತಾನೆ. ತೋಳು ನೋಡಿದರೆ ಎಮ್ಮೆ ಎತ್ತುವಂತಿವೆ. ಅವನಿಗೆ ಕೆಲವು ವರ್ಷದ ಹಿಂದೆ ಬಿಲ್ಲಿನ ಹುಚ್ಚು ಹಿಡಿಯಿತು. ನಾವು ಚಿತ್ರದಲ್ಲಿ ನೋಡುವ ಬಿಲ್ಲಲ್ಲ ಅದು, ಎರಡು ತುದಿಗೂ ಗಾಲಿ ಇರುವ, ದುರ್ಬೀನು ಕಟ್ಟಿದ ಯಂತ್ರ. ಹಿತ್ತಲಲ್ಲಿ ರಬ್ಬರಿನ ಚಿಗರಿ ನಿಲ್ಲಿಸಿ ಹೊಡೆಯುತ್ತಿದ್ದ. ಹೊರದೇಶದವರು ಜಿಂಕೆ ಬೇಟೆಯಾಡುವ ವಿಡಿಯೋ ಹಗಲೆಲ್ಲ ನೋಡುತ್ತಿದ್ದ.

ಒಂದು ಬೆಳಿಗ್ಗೆ ಅಮೋಗಸಿದ್ಧ ನನ್ನ ಮನೆ ಕಟ್ಟೆಯ ಮೇಲೆ ಕೂತು ನನ್ನ ಈಳಿಗೆಗೆ ಸಾಣೆ ಹಿಡಿಯುತ್ತಿದ್ದ. ಅವನ ಸಾಣೆಕಲ್ಲಿನ ಧಾರೆ ಹಿಡಿದವರಿಗೇ ಗೊತ್ತು. ಯುವರಾಜ ಒಂದು ಡಬ್ಬಿ ಹಿಡಿದುಕೊಂಡು ಬಂದು ಅವನ ಪಕ್ಕ ಕೂತ. ಡಬ್ಬಿಯೊಳಗೆ ಸ್ಪಂಜಿನ ಮೇಲೆ ಬಾಣದ ಮೊನೆಗಳನ್ನು ಒಡವೆಯ ಹಾಗೆ ಜೋಡಿಸಿತ್ತು.

"ಇವುದ್ರಾಗ ಯಾವ್ದ ಚೊಲೋ ಹೇಳು ಕಾಕಾ" ಎಂದ.

ಅಮೋಗಸಿದ್ಧ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಒಂದು ಎರಡಲಗಿನದು, ಬೇವಿನೆಲೆಯ ಆಕಾರ. ಇನ್ನೊಂದಕ್ಕೆ ಮೂರು ಅಲಗು. ಮೂರನೆಯದು ಮಡಚಿಕೊಂಡಿತ್ತು, ಯುವರಾಜ ಉಗುರಿನಿಂದ ಒತ್ತಿದಾಗ ಚಟಕ್ಕೆಂದು ರೆಕ್ಕೆ ಬಿಚ್ಚಿತು.

"ಇದು ಒಳಗ ಹೋಗೂವಾಗ ಬಿಚ್ಚತದ. ದೊಡ್ಡ ಗಾಯ, ಭಾಳ ರಕ್ತ. ಖರೆ, ಬಿಚ್ಚಾಕ ಜೋರು ಖರ್ಚ ಆಗ್ತದ. ಎಲುಬಿಗಿ ತಾಗಿದ್ರ ಅಲ್ಲೇ ನಿಂದರತದ" ಎಂದ ಯುವರಾಜ. "ಮೂರು ಅಲಗಿಂದು ನಡುವಿಂದು. ಎರಡಲಗಿಂದು ಕಡಿಮಿ ಅಗಲ, ಆದ್ರ ಸೀದಾ ಆಚಿ ಕಡಿ ಹೋಗ್ತದ. ಅಲ್ಲಿ ಮಂದಿ ಏನಂತಾರ ಗೊತ್ತದೇನ್ ಕಾಕಾ? ಬ್ಯಾಟಿ ಆಡಿದ್ರ ನೀತಿಲೆ ಆಡಬೇಕು. ಪ್ರಾಣಿಗಿ ತ್ರಾಸ ಆಗಬಾರದು. ಅಡ್ಡ ನಿಂತಾಗ ಮುಂಗಾಲಿನ ಹಿಂದ, ಪುಪ್ಪಸಕ್ಕ ಹೊಡಿಬೇಕು. ಧಾರಿ ಹೆಂಗಿರಬೇಕಂದ್ರ, ರಬ್ಬರ್ ಬ್ಯಾಂಡ ಮುಟ್ಟಿದ್ರ ತುಂಡಾಗಬೇಕು. ಮೊಂಡ ಅಲಗ ಹಚ್ಚಾಂವ ಪಾಪಿ."

"ತಾಗಿ ಸಾಯಲಿಲ್ಲಂದ್ರ?" ಎಂದು ಕೇಳಿದ ಅಮೋಗಸಿದ್ಧ.

"ಹುಡುಕಬೇಕು. ಇಡೀ ದಿನಾ ಹೋದ್ರೂ ಹುಡುಕಿ ಮುಗಸಬೇಕು. ಗಾಯ ಮಾಡಿ ಬಿಟ್ಟು ಬರಾಂವ ಬ್ಯಾಟಿಗಾರನ ಅಲ್ಲ."

ಅಮೋಗಸಿದ್ಧನ ಮುಖ ಅರಳಿತು. "ಅಲ್ಲಿ ಮಂದಿಗೂ ಬ್ಯಾನಿ ವಿಚಾರ ಅದ ಹಂಗಾರ" ಎಂದ. ಎರಡಲಗಿನದನ್ನೇ ಆರಿಸಿದ. ಅಂಗೈಯಲ್ಲಿ ತೂಗಿ, ಹೆಬ್ಬೆರಳಿಂದ ಸವರಿ ನೋಡಿದ. ಕಂಪನಿಯ ಧಾರೆ ಅವನಿಗೆ ಸಾಲಲಿಲ್ಲ. ಕಲ್ಲಿಗೆ ನೀರು ಬಿಟ್ಟು ಎರಡೂ ಕಡೆ ತೀಡಿ, ಮುಂಗೈಯ ಕೂದಲು ಬೋಳಿಸಿ ತೋರಿಸಿದ. ಇಬ್ಬರೂ ಮಕ್ಕಳ ಹಾಗೆ ಖುಷಿಯಾದರು. ಅವರ ಮಾತು ಎಲ್ಲಿಯೂ ತಪ್ಪಿರಲಿಲ್ಲ ಎಂಬುದೇ ನನಗೆ ಈಗಲೂ ಹೊಟ್ಟೆ ಉರಿಸುವ ಸಂಗತಿ.

"ರಬ್ಬರ ಚಿಗರಿಗಿ ಇಷ್ಟ ಧಾರಿ ಯಾಕೋ?" ಎಂದು ನಾನೇ ಕೇಳಿದೆ.

"ಶೋಕ, ಅತ್ತಿ" ಎಂದ.

"ಖರೆ ಚಿಗರಿ ಮ್ಯಾಲ ಕೈ ಮಾಡಿಗೀಡಿ. ಜೈಲಿಗಿ ಹೋಗ್ತಿ ನೋಡು."

"ನಂಗ ಗೊತ್ತಿಲ್ಲೇನ್ ಅತ್ತಿ, ಬ್ಯಾಟಿಗಿ ಸರ್ಕಾರದ್ದು ಬಂದಿ ಅದ" ಎಂದು ನಕ್ಕು ಡಬ್ಬಿ ಮುಚ್ಚಿಕೊಂಡು ಹೋದ. ಅವನಿಗೆ ಎಲ್ಲವೂ ಗೊತ್ತಿತ್ತು.

ಸುಗ್ಗಿ ಮುಗಿದ ಮೇಲೆ ಚಿಗರಿಗಳು ಮಾಳಕ್ಕೆ ಇಳಿಯುತ್ತವೆ. ಒಂದು ದಿನ ಹೊತ್ತು ಮೂಡುವಾಗ ಅಮೋಗಸಿದ್ಧ ಹಟ್ಟಿಯ ಬೇಲಿ ತೆಗೆಯುತ್ತಿದ್ದ. ದೂರದಲ್ಲಿ ಯುವರಾಜನ ಬಿಳಿ ಜೀಪು ನಿಂತದ್ದು ಕಂಡ. ಇದ್ದಕ್ಕಿದ್ದಂತೆ ಚಿಗರಿಯ ಹಿಂಡು ಚೆದುರಿ ಓಡಿತು. ಒಂದು ಮಾತ್ರ ಹಿಂದೆ ಬಿತ್ತು. ಬೆನ್ನು ಗೂನು ಮಾಡಿಕೊಂಡು, ನಿಂತು ನಿಂತು ಓಡುತ್ತಿತ್ತು. ಹಾಗೆ ಓಡುವ ಪ್ರಾಣಿಗೆ ಹೊಟ್ಟೆಯಲ್ಲಿ ಪೆಟ್ಟಾಗಿರುತ್ತದೆ ಎಂದು ಕುರಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಲ್ಲಿನ ಹುರಿ ಮಿಡಿದ ಸದ್ದಿಗೇ ಅದು ಹಾರಿರಬೇಕು, ಪುಪ್ಪಸಕ್ಕೆ ಹೋಗುವ ಬಾಣ ಹೊಟ್ಟೆಗೆ ಹೋಯಿತು. ಅಲಗಿನದೇನೂ ತಪ್ಪಿಲ್ಲ.

ಜೀಪು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ತಿರುಗಿ ಡಾಂಬರು ರಸ್ತೆ ಹಿಡಿದು ಹೋಯಿತು. ಇಡೀ ದಿನ ಹೋದರೂ ಹುಡುಕಬೇಕೆಂದು ನನ್ನ ಕಟ್ಟೆಯ ಮೇಲೆ ಪಾಠ ಹೇಳಿದವನು ಅಂದು ಸೋಲಾಪುರದ ಹೋಟೆಲಿನಲ್ಲಿ ಗೆಳೆಯರ ಜೊತೆ ನಾಷ್ಟಾ ಮಾಡಿದ. ಕೇಸೆಲ್ಲ ಮುಗಿದ ಮೇಲೆ ಅವನ ಬಾಯಿಂದಲೇ ಇದು ಹೊರಬಂತು. ಯಾರೋ ನೋಡಿದಂತಾಯಿತಂತೆ, ಹೆದರಿಕೆಯಾಯಿತಂತೆ.

ಅಮೋಗಸಿದ್ಧ ಕುರಿಗಳನ್ನು ಗುರುಬಾಯಿಗೆ ಒಪ್ಪಿಸಿ ರಕ್ತದ ಹನಿ ಹಿಡಿದು ಹೊರಟ. ಬಿಸಿಲೇರಿದ ಮೇಲೆ ಒಂದು ಜಾಲಿ ಕಂಟಿಯ ಬುಡದಲ್ಲಿ ಅದು ಸಿಕ್ಕಿತು. ಎಳೆಯ ಹೆಣ್ಣು ಚಿಗರಿ. ಬಾಣದ ಕೋಲು ಮುರಿದು ಮೊನೆ ಒಳಗೇ ಉಳಿದಿತ್ತು. ಏಳಲು ನೋಡಿತು, ಆಗಲಿಲ್ಲ.

ಇಲ್ಲಿ ಬೇರೆ ಯಾರೇ ಇದ್ದರೂ ಎರಡರಲ್ಲಿ ಒಂದು ಮಾಡುತ್ತಿದ್ದರು. ಬಿಟ್ಟು ಬರುತ್ತಿದ್ದರು, ಇಲ್ಲವೇ ಕುತ್ತಿಗೆ ಕೊಯ್ದು ಕೈ ಒರೆಸಿಕೊಂಡು ತಮ್ಮ ದಾರಿ ಹಿಡಿಯುತ್ತಿದ್ದರು. ಈ ಪುಣ್ಯಾತ್ಮ ಬಾಟಲಿಯ ನೀರನ್ನು ಮೊದಲು ಅದರ ಬಾಯಿಗೆ ಬಿಟ್ಟ. ಉಳಿದದ್ದನ್ನು ಅದರ ಬೆನ್ನ ಮೇಲೆ ಚಿಮುಕಿಸಿದ. ಸಂಚಿಯಲ್ಲಿದ್ದ ಭಂಡಾರ ಹಣೆಗೆ ಹಚ್ಚಿದ. ಆಮೇಲೆ ಅದು ಮೈ ಜಾಡಿಸಲಿ ಎಂದು ಕಾಯುತ್ತ ಕೂತ.

ಬೆಳಿಗ್ಗೆ ಜೀಪು ನೋಡಿದ ಯಾರೋ ತಮ್ಮ ಹೆಸರು ಹೇಳದೆ ಫಾರೆಸ್ಟಿನವರಿಗೆ ಫೋನು ಮಾಡಿದ್ದರು. ಅವರ ಗಾಡಿ ಮಾಳವೆಲ್ಲ ಸುತ್ತುತ್ತಿತ್ತು. ಗಾಡಿಯ ಸದ್ದು ಇವನಿಗೂ ಕೇಳಿಸಿತ್ತು. ಆದರೂ ಏಳಲಿಲ್ಲ. ಕಡೆಗೆ ಚಿಗರಿಯ ಕತ್ತಿನಿಂದ ಬಾಲದವರೆಗೆ ಒಂದು ನಡುಕ ಹರಿಯಿತು. ಇವನು ಒಂದೇ ಏಟಿಗೆ ಮುಗಿಸಿದ. ಗಾಯದಲ್ಲಿದ್ದ ಕೋಲಿನ ತುಂಡು ಹಿಡಿದು ಮೊನೆಯನ್ನು ಹೊರಗೆ ಎಳೆದು ಹುಲ್ಲಿಗೆ ಒರೆಸಿ, ಯುವರಾಜನಿಗೆ ಮುಟ್ಟಿಸಬೇಕೆಂದು ಸಂಚಿಯಲ್ಲಿ ಇಟ್ಟುಕೊಂಡ. ಪರರ ಹತ್ಯಾರ ಪರರಿಗೆ ಮುಟ್ಟಬೇಕಲ್ಲ. ಕಣ್ಣೆತ್ತಿದರೆ ಎದುರಿಗೆ ಫಾರೆಸ್ಟ್ ಗಾರ್ಡುಗಳು ನಿಂತಿದ್ದರು. ಕೈಯಲ್ಲಿ ರಕ್ತ, ಸೊಂಟದಲ್ಲಿ ಚೂರಿ, ಸಂಚಿಯಲ್ಲಿ ಬಾಣದ ಮೊನೆ. ಅವರಿಗೆ ಇನ್ನೇನು ಬೇಕು.

ಸುದ್ದಿ ತಿಳಿದ ಕೂಡಲೇ ನಾನು ಅಕ್ಕಲಕೋಟದ ಫಾರೆಸ್ಟ್ ಆಫೀಸಿಗೆ ಓಡಿದೆ. ಅಮೋಗಸಿದ್ಧ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಡಬ್ಬಿಯ ವಿಷಯ ನಾನೂ ಹೇಳಿದೆ, ಬರೆದುಕೊಂಡರು. "ಬಾಯಿ, ನೀವು ಡಬ್ಬಿ ನೋಡಿದ್ದೀರಿ. ಬಾಣ ಬಿಟ್ಟದ್ದು ನೋಡಿದ್ದೀರಾ?" ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದೆ. ಇಲ್ಲದ್ದನ್ನು ಇದೆ ಎನ್ನಲು ನನಗೂ ಬರಲಿಲ್ಲ. ಅಷ್ಟರಲ್ಲಿ ಯುವರಾಜನ ಜಬಾಬು ಆಗಿತ್ತು. ತಾನು ಹಲಗೆಗೆ ಬಾಣ ಹೊಡೆದು ಆಡುವವನು, ಮೊನೆಯೊಂದನ್ನು ಸಾಣೆಗೆಂದು ಅಮೋಗಸಿದ್ಧನಿಗೆ ಕೊಟ್ಟಿದ್ದೆ, ವಾಪಸು ಕೊಡಲಿಲ್ಲ ಎಂದು ಹೇಳಿದ್ದ. ಬಿಲ್ಲು ಯಾವುದೋ ಗೆಳೆಯನ ಮನೆ ಸೇರಿತ್ತು. ಮುರಿದ ಕೋಲು ಕೈಯಲ್ಲಿ ಹಿಡಿದು ಚುಚ್ಚಿದನೆಂದು ಅಮೋಗಸಿದ್ಧನ ಮೇಲೆ ಬರೆದರು.

ತಮ್ಮನ ಮನೆಗೆ ಹೋದೆ. ನಾನು ಅಂದು ಆಡಿದ ಮಾತನ್ನೆಲ್ಲ ಇಲ್ಲಿ ಬರೆಯಲಾರೆ. ಲಕ್ಷ್ಮೀಕಾಂತ ತಲೆ ತಗ್ಗಿಸಿಯೇ ಕೇಳಿದ.

"ಅಕ್ಕಾ, ಹುಡುಗನ ಲಗ್ನ ಗೊತ್ತಾಗ್ಯಾದ. ಈಗ ಹೆಸರ ಕೆಟ್ಟರ ಹೆಂಗ? ಅಮೋಗಸಿದ್ಧಗ ಚೊಲೋ ವಕೀಲನ್ನ ನಾನ ಹಿಡಿತೀನಿ. ಬಿಡಿಸ್ಕೊಂಡ ಬರೂ ಜವಾಬ್ದಾರಿ ನಂದು" ಎಂದ.

"ಬಿಡಿಸೂದ ಯಾಕೋ, ನಿನ್ನ ಮಗ ಹೋಗಿ ಖರೆ ಹೇಳಿದ್ರ ಸಾಕಲ್ಲ?"

ಒಳಗಿನಿಂದ ಯುವರಾಜನ ಫೋನಿನ ಹಾಡು ಕೇಳುತ್ತಿತ್ತು.

ವಕೀಲರು ಅಂಬಾದಾಸ ಎಂದು, ಸೋಲಾಪುರದವರು. ಜಾಮೀನು ಕೊಡಿಸಿದರು. ಕೇಸು ತಾರೀಖಿನಿಂದ ತಾರೀಖಿಗೆ ಎಳೆಯುತ್ತ ಹೋಯಿತು. ಕೋರ್ಟು ನಡೆಯುವುದು ಮರಾಠಿಯಲ್ಲಿ. ಅಮೋಗಸಿದ್ಧನಿಗೆ ಸಂತೆಯ ಮರಾಠಿ ಬರುತ್ತದೆ, ಕೋರ್ಟಿನದು ಬರುವುದಿಲ್ಲ. ಹಾಗಾಗಿ ಪ್ರತಿ ತಾರೀಖಿಗೂ ನಾನು ಗುರುಬಾಯಿಯ ಜೊತೆ ಹೋಗುತ್ತಿದ್ದೆ. ಅವನು ತನ್ನ ಜಬಾಬು ಕೊಡಬೇಕಾದ ದಿನ ವಕೀಲರು ನಮ್ಮನ್ನು ಕೋರ್ಟಿನ ಹೊರಗೆ ಚಹಾದ ಅಂಗಡಿಯ ಹತ್ತಿರ ಕರೆದರು.

"ನೋಡು, ದನದ ಡಾಕ್ಟರ್ ರಿಪೋರ್ಟಿನ್ಯಾಗ ಖಾತ್ರಿ ಇಲ್ಲ. ಕುತ್ತಿಗಿ ಕೊಯ್ದಾಗ ಜೀವ ಇತ್ತೋ ಇಲ್ಲೋ ಅಂತ ಅವರು ಹೇಳಿಲ್ಲ. ಕೋಲು ಹಿಡಕೊಂಡು ಚುಚ್ಚಿದಿ ಅನ್ನೂದಕ್ಕೂ ಸಾಕ್ಷಿ ಇಲ್ಲ. ನೀ ಒಂದ ಮಾತ ಹೇಳು. ನಾ ಹೋದಾಗ ಅದು ಸತ್ತಿತ್ತು, ನಾಯಿಗಿ ಹಾಕಾಕಂತ ಕೊಯ್ದೆ, ಅಷ್ಟ. ಸತ್ತದ್ದಕ್ಕ ಕೊಂದ ಗುನ್ಹೆ ಬರಂಗಿಲ್ಲ. ಏನರೆ ದಂಡದಾಗ ಮುಗಸ್ತೀನಿ. ಜೀವ ಇತ್ತಂದಿ ಅಂದ್ರ ಮೂರು ವರ್ಷಕ್ಕ ಕಡಿಮಿ ಇಲ್ಲ" ಎಂದರು.

ಅಮೋಗಸಿದ್ಧ ಚಹಾದ ಕಪ್ಪನ್ನು ನೋಡುತ್ತ ಕೂತಿದ್ದ. ನಾನೂ ಹೇಳಿದೆ. ಹೌದು, ಒಂದು ಮಾತು ಸುಳ್ಳಾಡು ಎಂದು ಸಾಲೆಯ ಬಾಯಿಯೇ ಹೇಳಿದೆ. ಯುವರಾಜ ಅಷ್ಟೊಂದು ಸುಳ್ಳು ಹೇಳಿ ಮದುವೆಯಾಗಿ ಆರಾಮಾಗಿದ್ದಾನೆ, ಇವನು ಒಂದು ಹೇಳಿ ಕುರಿ ಕಾಯಲು ಹೋಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಗುರುಬಾಯಿ ಮಾತ್ರ ಗಂಡನ ಹೆಗಲ ಕಂಬಳಿ ಸರಿಮಾಡಿದಳು, ಅಷ್ಟೆ.

ಒಳಗೆ ಮ್ಯಾಜಿಸ್ಟ್ರೇಟರು ಒಬ್ಬ ಹೆಣ್ಣುಮಗಳು, ಮೃದು ದನಿಯವರು. ನೀನು ಹೋದಾಗ ಪ್ರಾಣಿ ಸತ್ತಿತ್ತೇನು ಎಂದು ಮರಾಠಿಯಲ್ಲಿ ಕೇಳಿದರು. ಗುಮಾಸ್ತರು ಅದನ್ನು ಕನ್ನಡದಲ್ಲಿ ಹೇಳಿದರು. ವಕೀಲರು ಇವನ ಕಡೆ ನೋಡಿ ತಲೆಯಾಡಿಸಿದರು.

"ಇಲ್ರಿ" ಎಂದ ಅಮೋಗಸಿದ್ಧ. "ಜೀವ ಇತ್ರಿ."

ವಕೀಲರು ಕಾಗದ ಕೆಳಗಿಟ್ಟರು. ಸರಿಯಾಗಿ ನೆನಪು ಮಾಡಿಕೊಂಡು ಹೇಳು ಎಂದರು ಮ್ಯಾಜಿಸ್ಟ್ರೇಟರು. ಅವರೂ ಅವನಿಗೆ ಒಂದು ದಾರಿ ಬಿಟ್ಟುಕೊಟ್ಟರೆಂದೇ ನನಗೆ ಅನ್ನಿಸಿತು.

"ನೆನಪ ಅದರಿ. ನೀರ ಹಾಕಿದೆ, ಮೈ ಜಾಡಿಸ್ತು. ಆಮ್ಯಾಲ ಕೊಯ್ದೆ. ಸತ್ತದ್ದು ನಾ ಕೊಯ್ಯಾಂವಲ್ರಿ. ನಮ್ಮಪ್ಪನೂ ಕೊಯ್ದಾಂವಲ್ಲ."

ಗುಮಾಸ್ತರು ಅದನ್ನು ಮರಾಠಿ ಮಾಡಿದರು. ಮೈ ಜಾಡಿಸಿದ್ದು ಮರಾಠಿಯಲ್ಲಿ ಬರಲೇ ಇಲ್ಲ, ಬರೆದದ್ದು ಒಂದೇ ಸಾಲು. ಪ್ರಾಣಿ ಜೀವಂತವಿದ್ದಾಗಲೇ ಕುತ್ತಿಗೆ ಕೊಯ್ದುದಾಗಿ ಆರೋಪಿ ಒಪ್ಪಿದ್ದಾನೆ.

ಮುಂದಿನ ತಾರೀಖಿಗೆ ಮೂರು ವರ್ಷದ ಶಿಕ್ಷೆಯಾಯಿತು. ಚೂರಿ ಸರ್ಕಾರಕ್ಕೆ ಜಪ್ತಿ. ಪೊಲೀಸರು ಕರೆದುಕೊಂಡು ಹೋಗುವಾಗ ಅವನು ನನ್ನ ಹತ್ತಿರ ನಿಂತ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತು.

"ಬಾಯಾರ, ಆ ಚೂರಿಗಿ ಒಂದೀಟ ಎಣ್ಣಿ ಹಚ್ಚಿಡಂತ ಹೇಳ್ರಿ ಅವರಿಗಿ. ಜಂಗ ಹಿಡಿತದ" ಎಂದ.

ನಾನು ಹೇಳಿದೆ. ಅಲ್ಲಿದ್ದವರು ನಕ್ಕರು.

ಶಿಕ್ಷೆಯಾದದ್ದು ಹೋದ ವರ್ಷ. ಈ ಬೇಸಿಗೆಯಲ್ಲಿ ಗುರುಬಾಯಿ ಹಗಲು ಹೊತ್ತಿನಲ್ಲಿ ಓಡಿಬಂದಳು. ಅಕ್ಕಲಕೋಟ ರಸ್ತೆ ದಾಟುವಾಗ ಕಬ್ಬಿನ ಲಾರಿಯೊಂದು ಕುರಿಗೆ ಬಡಿದು ಹೋಗಿತ್ತು. ಸೊಂಟ ಮುರಿದಿದೆ, ಉಳಿಯುವುದಿಲ್ಲ, ಆದರೆ ಜೀವವೂ ಹೋಗುತ್ತಿಲ್ಲ. ಊರಿನಲ್ಲಿ ಕುರಿ ಕೊಯ್ಯುವ ಮುಲಾಣಿ ಮದುವೆಗೆಂದು ಕಲಬುರಗಿಗೆ ಹೋಗಿದ್ದ, ಹಟ್ಟಿಯ ಗಂಡಸರೆಲ್ಲ ಕುರಿಯ ಹಿಂದೆ ದೂರ ಹೋಗಿದ್ದರು. ಗುರುಬಾಯಿಯವರಲ್ಲಿ ಹೆಣ್ಣುಮಕ್ಕಳು ಚೂರಿ ಹಿಡಿಯುವ ಹಾಗಿಲ್ಲ. ಕುರಿ ಒದರುವುದು ಊರಂಚಿನ ನನ್ನ ಅಂಗಳಕ್ಕೂ ಕೇಳಿಸುತ್ತಿತ್ತು.

"ನಿಮ್ಮ ತಮ್ಮನ ಮಗ ಊರಾಗ ಇದ್ದಾರಲ್ಲರಿ ಬಾಯಾರ" ಎಂದಳು ಗುರುಬಾಯಿ. "ಅವರಿಗಿ ಕೇಳ್ರಿ. ಬ್ಯಾನಿ ಆಗಲಾರದಂಗ ಒಂದ ಏಟಿನ್ಯಾಗ ಮುಗಸೂದು ಅವರಿಗಿ ಗೊತ್ತದಂತಲ್ಲ."

ಅವಳ ದನಿಯಲ್ಲಿ ಕೊಂಕಿತ್ತೋ, ನಿಜವಾಗಿಯೇ ಕೇಳಿದಳೋ, ನನಗೆ ಮುಖ ನೋಡುವ ಧೈರ್ಯವಾಗಲಿಲ್ಲ. ಸೀದಾ ತಮ್ಮನ ಮನೆಗೆ ಹೋದೆ. ಯುವರಾಜ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ವಿಷಯ ಹೇಳಿ, ಏಳು, ಬಂದು ಅದನ್ನೊಂದು ಮುಗಿಸು ಎಂದೆ. ಅವನು ತಾಟು ಸರಿಸಿದ.

"ನನ್ನ ಕೈಲೆ ಆಗಂಗಿಲ್ಲ ಅತ್ತಿ" ಎಂದ. "ಅಷ್ಟ ಹತ್ತಿರಲೆ ಅದರ ಕಣ್ಣ ನೋಡಾಕ ನನಗ ಆಗಂಗಿಲ್ಲ."

ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಇಷ್ಟು ಮಾತ್ರ ಹೇಳಿ ಬಂದೆ: "ಅದಕ್ಕ ಬಾಣ ಬೇಕಾಗ್ಯಾದ ನಿನಗ, ಹೌದಲ್ಲ?"

ಕುರಿ ಹೊತ್ತು ಇಳಿಯುವ ತನಕ ಒದರಿತು. ಗುರುಬಾಯಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಆಗಾಗ ಬಾಯಿಗೆ ನೀರು ಬಿಡುತ್ತಿದ್ದಳು. ಎರಡು ಸಲ ಅದು ಮೈ ಜಾಡಿಸಿತು. ಚೂರಿ ಹಿಡಿಯುವವರು ಇರಲಿಲ್ಲ. ಕಡೆಗೆ ತಾನಾಗಿಯೇ ಸತ್ತಿತು. ಅಷ್ಟರಲ್ಲಿ ಪಕ್ಕದ ಹಟ್ಟಿಯ ಖಂಡಪ್ಪ ಕುರಿ ಹೊಡೆದುಕೊಂಡು ಬಂದ. ಅವನು ಮುಟ್ಟಿ ನೋಡಿ, ಮೈ ಇನ್ನೂ ಬಿಸಿ ಇದೆ, ರಸ್ತೆಯ ಧಾಬಾದವರಿಗೆ ಫೋನು ಮಾಡಿದರೆ ಅವರಾದರೂ ಬಂದು ಕೊಯ್ದುಕೊಂಡು ಹೋಗುತ್ತಾರೆ, ಯಾರಿಗಿ ಗೊತ್ತಾಗ್ತದ ಎಂದ.

"ಸತ್ತದ್ದು ನಮ್ಮ ಮನ್ಯಾಗ ಕೊಯ್ಯಂಗಿಲ್ಲ" ಎಂದಳು ಗುರುಬಾಯಿ. ಮೂಲೆಯಲ್ಲಿದ್ದ ಗುದ್ದಲಿ ತಂದು ಅಗೆಯತೊಡಗಿದಳು. ಮಾಳದ ನೆಲ ಗಟ್ಟಿ. ನಾನು ಸೆರಗು ಸಿಕ್ಕಿಸಿಕೊಂಡು ಮಣ್ಣು ಎಳೆದೆ.